ಶೇಕಡಾ ತೊಂಬತ್ಮೂರರ ಕಾಲೇಜು

ಗೌನುಗಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅದನ್ನು ಮುಚ್ಚಲು ಹೋದ ಕಾವಲುಗಾರ ಬಾಂಗ್ ಅಲ್ಲೇ ನಿಂತುಬಿಟ್ಟ. ಸಾಲಾಗಿ ತೂಗುಹಾಕಿದ ಕಪ್ಪು ಗೌನುಗಳ ಕೆಳಗೆ ಎರಡು ಬೂಟುಗಳು ಕಾಣುತ್ತಿದ್ದವು. ಬೂಟುಗಳೊಳಗೆ ಕಾಲುಗಳಿದ್ದವು.

ಫೆಬ್ರವರಿಯ ಚಳಿ, ಬೆಳಿಗ್ಗೆ ಏಳೂವರೆ. ಮರುದಿನ ಹನ್ನೊಂದು ಗಂಟೆಗೆ ಹೇಜಿನ್ ಕಾಲೇಜಿನ ಘಟಿಕೋತ್ಸವ. ಬಾಂಗ್ ದೀಪ ಹಾಕಿದ. ಸತ್ತು ಬಿದ್ದಿದ್ದವನು ಕಾಲೇಜಿನ ಗುಮಾಸ್ತ ಪ್ಯೋ. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಬಿಟ್ಟರು, ಎಷ್ಟು ಮಂದಿ ಮುಗಿಸಿದರು ಎಂದು ಹತ್ತೊಂಬತ್ತು ವರ್ಷ ಬರೆದಿಟ್ಟವನು.

ಎಂಟಕ್ಕೆ ಇನ್‌ಸ್ಪೆಕ್ಟರ್ ತಾಕ್ ಮಿರಾನ್ ಬಂದಳು. ಐವತ್ತೆರಡರ ಹೆಂಗಸು. ಯಾರ ಮಾತನ್ನೂ ಸುಲಭಕ್ಕೆ ನಂಬುವವಳಲ್ಲ. ಮೀನಿನವನು ತಾಜಾ ಎಂದರೆ ಕಿವಿರು ಎತ್ತಿ ನೋಡುವಳು. ಗಂಡ ತಲೆನೋವು ಎಂದರೆ ಹಣೆ ಮುಟ್ಟಿ ನೋಡುವಳು.

ಪ್ರಾಂಶುಪಾಲ ಗು ಆಗಲೇ ಬಾಗಿಲಲ್ಲಿ ನಿಂತಿದ್ದರು. ಟೈ ನೆಟ್ಟಗಿತ್ತು.

"ಕಾಲು ಜಾರಿ ಬಿದ್ದಿದಾರೆ ಅನ್ಸುತ್ತೆ," ಎಂದರು. "ಪಾಪ, ನಾಳೆಗೆ ಗೌನು ಎಣಿಸೋಕೆ ಬಂದಿರಬೇಕು."

ಪ್ಯೋನ ತಲೆಯ ಹಿಂಭಾಗ ಗೌನು ತೂಗುಹಾಕುವ ಸ್ಟ್ಯಾಂಡಿನ ಕಬ್ಬಿಣದ ಕಾಲಿಗೆ ಬಡಿದಿತ್ತು. ರಕ್ತ ಒಣಗಿತ್ತು. ಕೋಣೆಗೆ ಕಿಟಕಿ ಇರಲಿಲ್ಲ.

"ಬಾಂಗ್ ಅವರೇ, ನೀವು ಬಂದಾಗ ದೀಪ ಉರೀತಿತ್ತಾ?"

"ಇಲ್ಲ ತಾಯಿ. ನಾನೇ ಹಾಕಿದ್ದು."

ಮಿರಾನ್ ಪ್ರಾಂಶುಪಾಲರ ಕಡೆ ತಿರುಗಿದಳು. "ಬಿದ್ದು ಸತ್ತ ಮನುಷ್ಯ ಎದ್ದು ಹೋಗಿ ದೀಪ ಆರಿಸಿ, ಮತ್ತೆ ಬಂದು ಮಲಗಿದ್ರಾ ಸಾರ್?"

ಪ್ರಾಂಶುಪಾಲರು ಟೈ ಮುಟ್ಟಿ ನೋಡಿಕೊಂಡರು.

ಗೌನೊಂದರ ಅಂಚಿನ ಕೆಳಗೆ ಕೆಂಪು ರಬ್ಬರ್ ಕೈಗವಸು ಬಿದ್ದಿತ್ತು. ಒಂದೇ ಒಂದು. ಒಳ ಅಂಚಿನಲ್ಲಿ ಕಪ್ಪು ಮಸಿಯಲ್ಲಿ ದೊಡ್ಡದಾಗಿ 'ಸುಂದೊಕ್' ಎಂದು ಬರೆದಿತ್ತು. ಮಿರಾನ್ ಅದನ್ನು ಎತ್ತಿ ಮೂಸಿದಳು. ಸೋಪಿನ ವಾಸನೆ. ಒಳಗೆ, ಬೆರಳು ಅಂಟದಿರಲೆಂದು ಯಾರೋ ಪೌಡರ್ ಹಾಕಿದ್ದರು.

"ಸುಂದೊಕ್ ಅಂದ್ರೆ ಯಾರು?"

ಬಾಂಗ್ ಹಿಂಜರಿದ. ಹಿಂಜರಿದಷ್ಟೂ ಹೇಳುವ ಆಸೆ ಅವನ ಮುಖದಲ್ಲಿ ಕಾಣುತ್ತಿತ್ತು. "ಯೊಮ್ ಸುಂದೊಕ್ ಅಂತ, ನಮ್ ವಿದ್ಯಾರ್ಥಿನೇ ತಾಯಿ. ಅರವತ್ತೊಂಬತ್ತು ವರ್ಷದ ಅಜ್ಜಿ. ಸಮುದ್ರದ ಕಡೆ ಊರಲ್ಲಿ ಚಿಪ್ಪು ಒಡೆದು ಸಿಂಪಿ ಬಿಡಿಸ್ತಾಳೆ. ನಿನ್ನೆ ನಾಕು ಗಂಟೆಗೆ ಇದೇ ಪಡಸಾಲೇಲಿ ಪ್ಯೋ ಜೊತೆ ಜಗಳ ಆಡ್ತಿದ್ಲು. 'ನನ್ ಪದವಿಗೆ ಅಡ್ಡ ಬಂದ್ರೆ ನಿನ್ನ ಸುಮ್ಕೆ ಬುಡಾಕಿಲ್ಲ' ಅಂತ ಕೂಗ್ತಿದ್ಲು. ಈ ಕಿವೀಲೇ ಕೇಳಿದೀನಿ."

ಎಲ್ಲ ಬಹಳ ಸುಲಭವಾಗಿ ಕೈಗೆ ಬಂದಿತ್ತು. ಮಿರಾನ್‌ಗೆ ಇಷ್ಟವಾಗದಿದ್ದದ್ದು ಅದೇ.

*

ಪ್ಯೋನ ಮೇಜು ಅಚ್ಚುಕಟ್ಟಾಗಿತ್ತು. ಗಾಜಿನ ಕೆಳಗೆ ಅವನ ಕೈಬರಹದ ಒಂದು ಪಟ್ಟಿ. ದೇಶದ ಒಂದೊಂದು ಪ್ರಾಂತ್ಯದಲ್ಲಿ ಕಾಲೇಜು ಸೇರಿದ ನೂರರಲ್ಲಿ ಎಷ್ಟು ಮಂದಿ ಮುಗಿಸುತ್ತಾರೆ ಎಂಬ ಲೆಕ್ಕ. ಮೇಲೆ ರಾಜಧಾನಿ ಸಿಯೋಲ್. ದಕ್ಷಿಣಕ್ಕೆ ಇಳಿದಂತೆ ಸಂಖ್ಯೆಯೂ ಇಳಿಯುತ್ತಿತ್ತು. ಕಾರಣ ಊರಿನ ಎಲ್ಲರಿಗೂ ಗೊತ್ತಿದ್ದದ್ದೇ. ಮಕ್ಕಳು ಇಲ್ಲಿ ಹೆಸರು ಹಚ್ಚುತ್ತಾರೆ, ನವೆಂಬರಿನಲ್ಲಿ ಪ್ರವೇಶ ಪರೀಕ್ಷೆಗೆ ಮತ್ತೆ ಕೂರುತ್ತಾರೆ, ಅಂಕ ಬಂದರೆ ಗಂಟುಮೂಟೆ ಕಟ್ಟಿ ಸಿಯೋಲಿಗೆ ಹೋಗುತ್ತಾರೆ. ಅಕ್ಕಪಕ್ಕದ ಕಾಲೇಜುಗಳೆಲ್ಲ ಅರವತ್ತರ ಆಸುಪಾಸು.

ಹೇಜಿನ್ ಮಾತ್ರ ತೊಂಬತ್ಮೂರು. ಪಕ್ಕದಲ್ಲಿ ಕೆಂಪು ಮಸಿಯ ಪ್ರಶ್ನೆ ಗುರುತು. ಅದರ ಕೆಳಗೆ ಒಂದು ಸಾಲು: 'ಸಮಾಜ ಸೇವೆ ವಿಭಾಗ. ಪದವಿ ಪಡೆಯುವವರು 64. ಗೌನು ಕೇಳಿದವರು 1.'

ನಾಳೆ ಬೆಳಿಗ್ಗೆ ಹತ್ತಕ್ಕೆ ಶಿಕ್ಷಣ ಇಲಾಖೆಯ ತಂಡ ಈ ಅದ್ಭುತವನ್ನು ಕಣ್ಣಾರೆ ನೋಡಲು ಬರಲಿತ್ತು. ಈ ವರ್ಷದಿಂದ ಎಪ್ಪತ್ತಕ್ಕಿಂತ ಕೆಳಗಿಳಿದ ಕಾಲೇಜಿಗೆ ಸರ್ಕಾರದ ನೆರವು ನಿಲ್ಲುತ್ತದೆ. ನೆರವು ನಿಂತರೆ ಕಾಲೇಜಿಗೆ ಬೀಗ. ಬೀಗ ಬಿದ್ದರೆ ಶಾವಿಗೆ ಅಂಗಡಿ, ಬಾಡಿಗೆ ಕೋಣೆಗಳು, ದಿನಕ್ಕೆ ಆರು ಸಲ ಬರುವ ಬಸ್ಸು ಎಲ್ಲಕ್ಕೂ ಅದೇ ಗತಿ.

ಮೇಜಿನ ಹಿಂದಿನ ಕಪಾಟಿನಲ್ಲಿ ಹಾಜರಿ ಪುಸ್ತಕಗಳು ಸಾಲಾಗಿದ್ದವು. ಸಮಾಜ ಸೇವೆ ವಿಭಾಗದ ಜಾಗ ಖಾಲಿ ಇತ್ತು.

ಮಧ್ಯಾಹ್ನದ ಹೊತ್ತಿಗೆ ವೈದ್ಯರು ಫೋನು ಮಾಡಿದರು. ಸಾವು ನಿನ್ನೆ ಸಂಜೆ ಐದರಿಂದ ಆರರೊಳಗೆ. ಎದೆಯ ಮೇಲೆ ಎರಡು ಅಂಗೈ ಊರಿದ ಗುರುತು. ಯಾರೋ ಜೋರಾಗಿ ತಳ್ಳಿದ್ದಾರೆ. ಬಿದ್ದ ಮೇಲೆ ಅರ್ಧ ಗಂಟೆಯಾದರೂ ಜೀವ ಇತ್ತಂತೆ.

*

"ನಿನ್ನೆ ಸಂಜೆ ಆರರ ತನಕ ಇದೇ ಕೋಣೇಲಿದ್ದೆ," ಎಂದರು ಪ್ರಾಂಶುಪಾಲ ಗು.

"ನಿಮ್ಮ ಕಾರು ಮಧ್ಯಾಹ್ನದಿಂದಲೇ ಇರಲಿಲ್ಲ ಅಂತಾರೆ ಬಾಂಗ್."

"ಅವನಿಗೆ ಕಣ್ಣು ಸರಿ ಇಲ್ಲ."

"ಕಣ್ಣು ಸರಿ ಇಲ್ಲದೋನನ್ನ ಕಾವಲಿಗೆ ಇಟ್ಕೊಂಡಿದೀರಾ?"

ಪ್ರಾಂಶುಪಾಲರು ಬೆವರಿದರು. ಮಿರಾನ್ ಕುರ್ಚಿ ಎಳೆದುಕೊಂಡು ಕೂತಳು. ಸುಮ್ಮನೆ ಕೂತಳು. ಎರಡು ನಿಮಿಷ ತಡೆದುಕೊಂಡ ಮೇಲೆ ಅವರು ಜೇಬಿನಿಂದ ರೈಲಿನ ಟಿಕೆಟು ತೆಗೆದು ಮೇಜಿನ ಮೇಲಿಟ್ಟರು. ನಿನ್ನೆ ಒಂದು ಗಂಟೆಯ ಗಾಡಿ. ಸಿಯೋಲ್.

"ಅಲ್ಲೊಂದು ಕಾಲೇಜಲ್ಲಿ ಕೆಲಸ ಖಾಲಿ ಇದೆ. ಸಂದರ್ಶನ ಇತ್ತು. ದಯವಿಟ್ಟು ಯಾರಿಗೂ ಹೇಳ್ಬೇಡಿ ಮೇಡಂ. ನಾಳೆ ಇಲಾಖೆಯವರ ಮುಂದೆ 'ನಮ್ಮೂರು ಬಿಟ್ಟು ಹೋಗಬೇಡಿ ಮಕ್ಕಳೇ' ಅಂತ ಭಾಷಣ ಮಾಡ್ಬೇಕು ನಾನು."

ಮಿರಾನ್‌ಗೆ ನಗು ತಡೆಯಲಾಗಲಿಲ್ಲ. ರೈಲಿನಲ್ಲಿದ್ದವನು ಗೌನುಗಳ ಕೋಣೆಯಲ್ಲಿ ಕೊಲೆ ಮಾಡಲಾರ. ಸುಳ್ಳುಗಾರ ಸಿಕ್ಕಿದ್ದ. ಕೊಲೆಗಾರ ಸಿಕ್ಕಿರಲಿಲ್ಲ.

*

ಸಮಾಜ ಸೇವೆ ವಿಭಾಗದ ಮುಖ್ಯಸ್ಥೆ ಪ್ರೊಫೆಸರ್ ಓಕ್. ಇದೇ ಊರಿನಲ್ಲಿ ಹುಟ್ಟಿದವರು. ಹಳ್ಳಿ ಹಳ್ಳಿ ಅಲೆದು, ಓದು ಕಾಣದ ಅಜ್ಜಿಯರನ್ನು ಕಾಲೇಜಿಗೆ ಸೇರಿಸಿದ ಪುಣ್ಯಾತ್ಗಿತ್ತಿ ಎಂದು ಹೆಸರು. ಅತ್ತು ಅತ್ತು ಅವರ ಕಣ್ಣು ಕೆಂಪಾಗಿತ್ತು.

"ಪ್ಯೋ ನನಗೆ ತಮ್ಮನ ಹಾಗಿದ್ದ. ಕಿತ್ತಳೆ ತಗೊಳ್ಳಿ ಇನ್‌ಸ್ಪೆಕ್ಟರ್. ಬೆಳಿಗ್ಗೆಯಿಂದ ಏನೂ ತಿಂದಿರಲ್ಲ ನೀವು."

ಕಿಟಕಿಯ ಪಕ್ಕ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಅದರ ತುಂಬ ಚೆಜು ದ್ವೀಪದ ಕಿತ್ತಳೆ. ಮೇಲೆ ಕಟ್ಟಲು ಬಣ್ಣದ ಬಟ್ಟೆ ಮಡಿಸಿಟ್ಟಿತ್ತು. ಓಕ್ ಡಬ್ಬಿಯನ್ನು ಮುಟ್ಟದೆ ಮೇಜಿನ ಮೇಲಿದ್ದ ಎರಡು ಹಣ್ಣನ್ನು ಮುಂದೆ ತಳ್ಳಿದರು. ಮಿರಾನ್ ಒಂದನ್ನು ಸುಲಿದು ತಿಂದಳು. ಸಿಹಿಯಾಗಿತ್ತು.

"ನಿಮ್ಮ ವಿಭಾಗದ ಹಾಜರಿ ಪುಸ್ತಕ ಎಲ್ಲಿದೆ?"

"ಕಚೇರೀಲೇ ಇರುತ್ತೆ. ನಾಳೆ ಇಲಾಖೆಯವರು ಕೇಳೇ ಕೇಳ್ತಾರೆ. ಪ್ಯೋ ಎಲ್ಲೋ ಇಟ್ಟಿರ್ತಾನೆ, ಹುಡುಕಿಸ್ತೀನಿ."

"ಅರವತ್ನಾಲ್ಕು ಜನರಲ್ಲಿ ಒಬ್ಬರೇ ಗೌನು ಕೇಳಿದಾರೆ."

"ವಯಸ್ಸಾದವರು, ನಾಚ್ಕೋತಾರೆ. ಸುಮಾರು ಜನ ಮನೇಲೇ ಕೂತು ಫೋನಲ್ಲಿ ಪಾಠ ಕೇಳಿದವರು." ಓಕ್ ದನಿ ತಗ್ಗಿಸಿದರು. "ಸುಂದೊಕ್ ಅಜ್ಜಿನ ಹೆಚ್ಚು ಬೈಬೇಡಿ. ಒಳ್ಳೆಯವಳು. ಸಿಟ್ಟು ಮಾತ್ರ ಮೂಗಿನ ತುದೀಲಿ."

ಕೇಳದಿದ್ದರೂ ಹೆಸರು ಬಂತಲ್ಲ ಎಂದು ಮಿರಾನ್ ಗಮನಿಸಿದಳು. ಏಳುತ್ತ, ದಾರಿಗೆ ಇರಲಿ ಎಂದು ಡಬ್ಬಿಯಿಂದ ಇನ್ನೊಂದು ಹಣ್ಣು ತೆಗೆಯಲು ಕೈ ಚಾಚಿದಳು. ಓಕ್ ಥಟ್ಟನೆ ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಅದು ಬೇರೆಯವರಿಗೆ ಕೊಡೋದು," ಎಂದು ನಕ್ಕರು. "ನಾಳೆ ವಾಪಸ್ ಕೊಡ್ಬೇಕು ಡಬ್ಬೀನ."

*

ಸಿಂಪಿ ಬಿಡಿಸುವ ಕೊಟ್ಟಿಗೆಯಲ್ಲಿ ಹನ್ನೆರಡು ಹೆಂಗಸರು ಕೂತಿದ್ದರು. ಮಿರಾನ್ ಒಳಗೆ ಕಾಲಿಡುತ್ತಲೇ ಮಾತು ನಿಂತಿತು. ಮೂಲೆಯಲ್ಲಿ ಒಬ್ಬ ಗಿಡ್ಡ ಅಜ್ಜಿ ತಲೆ ಎತ್ತದೆ ಸಿಂಪಿ ಒಡೆಯುತ್ತಿದ್ದಳು. ಕೈಗೆ ದಪ್ಪ ಬಿಳಿ ಹತ್ತಿಯ ಕೈಗವಸು.

"ಬಾರವ್ವ ಪೊಲೀಸಮ್ಮ," ಎಂದಳು ಸುಂದೊಕ್. "ಹಿಡ್ಕೊಂಡೋಗಾಕೆ ಬಂದ್ಯಾ?"

"ಪ್ಯೋ ಜೊತೆ ಯಾಕಜ್ಜಿ ಜಗಳ?"

ಅಜ್ಜಿ ಚಾಕು ಕೆಳಗಿಟ್ಟಳು. "ನಿಮ್ ವಿಭಾಗದ ಪಟ್ಟಿ ತಡೆ ಹಿಡೀತೀನಿ, ನಾಳಿದ್ದು ಗೌನು ಹಾಕ್ಕೋಬೇಡಿ ಅಂದ. ಎಳ್ಡು ವರ್ಷ, ಮಳೆ ಅನ್ನಲಿಲ್ಲ ಚಳಿ ಅನ್ನಲಿಲ್ಲ, ಬಸ್ಸು ಹತ್ತಿ ಹೋಗಿದೀನಿ ಕಣವ್ವ. ಯಾಕೆ ಅಂತ ಕೇಳಿದ್ರೆ 'ಈಗ ಹೇಳಾಕಾಗಲ್ಲ ಅಜ್ಜಿ' ಅಂದ. ನಂಗೆ ತಡೀಲಿಲ್ಲ, ಬಾಯಿಗೆ ಬಂದಂಗೆ ಬೈದೆ. ಕಂಪ್ಯೂಟರ್ ಒತ್ತೋದು ಕಲಿಸಿಕೊಟ್ಟೋನು ಅವ್ನೇ. ಅವನ್ನ ಬೈದ ಬಾಯಿಗೆ ಹುಳ ಬೀಳ." ಅವಳ ಗಲ್ಲದ ಮೇಲೆ ನೀರು ಇಳಿಯಿತು.

"ಜಗಳ ಆದ್ಮೇಲೆ?"

"ಬಸ್ಸು ತಪ್ಪೋಯ್ತು. ಸಮುದ್ರದ ಏರಿ ಮೇಲೆ ನಡ್ಕೊಂಡು ಬಂದೆ. ಯಾರೂ ಸಿಗಲಿಲ್ಲ. ಸಾಕ್ಷಿ ಅಂದ್ರೆ ಕೊಕ್ಕರೆಗಳು."

ಮಿರಾನ್ ಪ್ಲಾಸ್ಟಿಕ್ ಚೀಲದಲ್ಲಿದ್ದ ಕೆಂಪು ಕೈಗವಸು ತೋರಿಸಿದಳು. ಇಡೀ ಕೊಟ್ಟಿಗೆ ಗೊಳ್ಳೆಂದಿತು.

"ಅಯ್ಯೋ, ಸುಂದೊಕ್ ಕೈಗವಸು ಸಿಕ್ತು ಕಣ್ರೇ! ಮೂರು ತಿಂಗಳಿಂದ ಇದಕ್ಕೇ ಗೋಳು ಹುಯ್ಕೊಂಡಿದ್ವಿ."

"ಇದು ಸಿಂಪಿಗೆ ಹಾಕ್ಕೊಳ್ಳೋದಲ್ಲ," ಎಂದಳು ಅಜ್ಜಿ. "ಒಂದು ಚಿಪ್ಪಿಗೇ ಹರಿದೋಗುತ್ತೆ. ಇದು ಕಿಮ್ಜಾಂಗ್‌ದು. ಊರೋರೆಲ್ಲ ಕೂತು ವರ್ಷದ ಕಿಮ್ಚಿಗೆ ಕೋಸಿಗೆ ಉಪ್ಪು ಖಾರ ಉಜ್ಜೋ ದಿನದ್ದು. ನಲವತ್ತು ಜನಕ್ಕೂ ಒಂದೇ ಥರದ್ದು, ಅದಕ್ಕೇ ಹೆಸರು ಬರ್ಕೊಳ್ಳೋದು. ಅವತ್ತು ಸಂಜೇನೇ ಒಂದು ಕಾಣೆಯಾಯ್ತು."

"ಅವತ್ತು ಕಾಲೇಜಿನಿಂದ ಯಾರು ಬಂದಿದ್ರು?"

ಸುಂದೊಕ್ ಬಾಯಿ ತೆರೆದು ಮತ್ತೆ ಮುಚ್ಚಿದಳು. "ನೆಪ್ಪಿಲ್ಲ," ಎಂದಳು.

ಅದು ಸುಳ್ಳು. ಮಿರಾನ್ ಒತ್ತಾಯ ಮಾಡಲಿಲ್ಲ. ಕಾರಿಗೆ ಬರುವಾಗ ಅವಳಿಗೆ ಒಂದೇ ಯೋಚನೆ. ಕೊಲೆ ಮಾಡಲು ಬರುವವಳು ಮೂರು ತಿಂಗಳ ಹಿಂದೆ ಕಳೆದ ಕೈಗವಸನ್ನು ತೊಳೆದು, ಒಣಗಿಸಿ, ಪೌಡರ್ ಹಾಕಿಕೊಂಡು, ಅದೂ ಒಂದೇ ಕೈಗೆ ಹಾಕಿಕೊಂಡು ಬರುತ್ತಾಳೆಯೇ? ಇದನ್ನು ತೊಳೆದವರಿಗೆ ಬೇರೆ ಏನೋ ಉದ್ದೇಶ ಇತ್ತು. ತೊಳೆಯುವಾಗ ಕೊಲೆಯ ಯೋಚನೆಯೇ ಇರಲಿಲ್ಲ.

*

"ಹೆಸರು ಬರೆದ ಕೈಗವಸು ಇದೆ, ಬೆದರಿಕೆ ಇದೆ, ಸಾಕ್ಷಿ ಇದೆ," ಎಂದರು ಠಾಣೆಯ ಮುಖ್ಯಸ್ಥರು. "ಇನ್ನೇನು ಬೇಕು ನಿನಗೆ? ಮುದುಕಿ ಬಂದು ತಪ್ಪಾಯ್ತು ಅಂತ ಕಾಲಿಗೆ ಬೀಳ್ಬೇಕಾ?"

"ನಾಳೆ ಹನ್ನೊಂದರ ತನಕ ಟೈಮ್ ಕೊಡಿ ಸಾರ್."

"ಹನ್ನೊಂದು ಹೊಡೆದ್ರೆ ನಾನೇ ಹೋಗಿ ಎಳ್ಕೊಂಡು ಬರ್ತೀನಿ."

ಮರುದಿನ ಬೆಳಿಗ್ಗೆ ಎಂಟಕ್ಕೆ ಸುಂದೊಕ್ ತಾನೇ ಠಾಣೆಗೆ ಬಂದಳು. ಕೈಯಲ್ಲಿ ಒಂದು ದಪ್ಪ ನೋಟ್‌ಬುಕ್. ಕುರ್ಚಿಯ ತುದಿಯಲ್ಲಿ ಕೂತು ಅದನ್ನು ಎದೆಗೆ ಅವುಚಿಕೊಂಡಿದ್ದಳು.

"ನಿನ್ನೆ ಸುಳ್ಳು ಹೇಳ್ದೆ ಕಣವ್ವ. ನಿದ್ದೆ ಬರಲಿಲ್ಲ. ಪಾಠ ಆದ ದಿನ ಎಲ್ಲಾ ಇದ್ರಲ್ಲಿ ಬರೆದಿದೀನಿ. ಯಾವ ಮೇಷ್ಟ್ರು, ಏನು ಹೇಳ್ಕೊಟ್ರು, ಎಲ್ಲಾ." ಅವಳು ನೋಟ್‌ಬುಕ್ ಕೊಡಲಿಲ್ಲ. "ಇದು ಕೊಟ್ರೆ ಓಕ್ ಮೇಷ್ಟ್ರಿಗೆ ತೊಂದ್ರೆ ಆಗುತ್ತೆ. ಅವರು ಬಂದು ಕರೀದೆ ಇದ್ದಿದ್ರೆ ನಾನು ಕಾಲೇಜು ಬಾಗಿಲೇ ನೋಡ್ತಿರಲಿಲ್ಲ. ಅವರ ವಿಭಾಗ ಹೋದ್ರೆ ನನ್ ಪದವಿನೂ ಹೋಗುತ್ತೆ, ಅಲ್ವಾ?"

ಮಿರಾನ್ ಸುಳ್ಳು ಹೇಳಬಹುದಿತ್ತು. "ಹೋಗಬಹುದು ಅಜ್ಜಿ," ಎಂದಳು.

ಸುಂದೊಕ್ ಪುಸ್ತಕವನ್ನು ಮೇಜಿನ ಮೇಲಿಟ್ಟು, ಅದರಿಂದ ಕೈ ತೆಗೆದಳು.

"ಪ್ಯೋನಿಗೂ ಒಬ್ಳು ತಾಯಿ ಅವ್ಳೆ," ಎಂದಳು.

ನವೆಂಬರ್ ಇಪ್ಪತ್ತೊಂದರ ಪುಟ. ಅಕ್ಷರಗಳು ದೊಡ್ಡದಾಗಿ, ಒತ್ತಿ ಬರೆದಿದ್ದವು. 'ಇವತ್ತು ಪಾಠ ಇಲ್ಲ. ನಮ್ಮೂರಲ್ಲಿ ಕಿಮ್ಜಾಂಗ್. ಓಕ್ ಮೇಷ್ಟ್ರು ಬೆಳಿಗ್ಗೆಯೇ ಬಂದು ನಮ್ಮ ಜೊತೆ ಕೋಸು ಉಜ್ಜಿದರು. ಅವರಿಗೊಂದು ಡಬ್ಬಿ, ಪ್ರಾಂಶುಪಾಲರಿಗೊಂದು ಡಬ್ಬಿ ಕಿಮ್ಚಿ ಕೊಟ್ಟೆವು. ನನ್ನ ಕೈಗವಸು ಕಾಣುತ್ತಿಲ್ಲ.'

ಮಿರಾನ್ ಎರಡು ಸಲ ಓದಿದಳು. ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಹೆಂಗಸು ಈ ಸೀಮೆಯಲ್ಲೇ ಇಲ್ಲ. ಕಿಮ್ಚಿ ಬಂದ ಡಬ್ಬಿಯಲ್ಲಿ ಹಣ್ಣೋ ಕಡುಬೋ ಹಾಕಿ ಕೊಡಬೇಕು.

ಅವಳು ಫೋನೆತ್ತಿ ಬಾಂಗ್‌ಗೆ ಒಂದೇ ಪ್ರಶ್ನೆ ಕೇಳಿದಳು. ನಂತರ ಅಜ್ಜಿಯನ್ನು ಎಬ್ಬಿಸಿದಳು. "ನಡೀರಿ. ಕಾಲೇಜಿಗೆ ಹೋಗೋಣ."

*

ಹತ್ತು ಗಂಟೆ. ಪ್ರೊಫೆಸರ್ ಓಕ್ ಕೋಣೆಯಲ್ಲಿ ಇಲಾಖೆಯ ಮೂವರು ಕಾಫಿ ಕುಡಿಯುತ್ತಿದ್ದರು. ಪ್ರಾಂಶುಪಾಲರು ಹಲ್ಲು ಬಿಡುತ್ತಿದ್ದರು. ಮಿರಾನ್ ಸುಂದೊಕ್‌ಳನ್ನೂ ಬಾಂಗ್‌ನನ್ನೂ ಕರೆದುಕೊಂಡು ಒಳಗೆ ಬಂದಳು. ಡಬ್ಬಿಗೆ ಈಗ ಬಣ್ಣದ ಬಟ್ಟೆ ಕಟ್ಟಿತ್ತು.

"ಮೇಡಂ, ಈ ಡಬ್ಬಿ ಯಾರದು?"

"ಸುಂದೊಕ್ ಅಜ್ಜಿ ಊರಿಂದು," ಎಂದರು ಓಕ್. "ನವೆಂಬರಲ್ಲಿ ಕಿಮ್ಚಿ ಕಳಿಸಿದ್ರು."

"ಕಿಮ್ಚಿ ಜೊತೆ ಇನ್ನೇನಾದ್ರೂ ಬಂದಿತ್ತಾ?"

"ಇಲ್ಲವಲ್ಲ."

"ಅವತ್ತು ಕಾಲೇಜಿಗೆ ಬಂದಿದ್ದು ಎರಡು ಡಬ್ಬಿ," ಎಂದಳು ಮಿರಾನ್. "ಒಂದು ಪ್ರಾಂಶುಪಾಲರಿಗೆ. ಅವರಿಗೆ ನಮ್ಮ ಕಡೆ ಕಿಮ್ಚಿ ಖಾರ. ಮುಚ್ಚಳ ಕೂಡ ತೆಗೀದೆ ಬಾಂಗ್‌ಗೆ ಕೊಟ್ರು. ಬಾಂಗ್, ನಿಮ್ಮ ಹೆಂಡತಿ ಖಾಲಿ ಮಾಡಿದಾಗ ಅದರಲ್ಲಿ ಕೈಗವಸು ಇತ್ತಾ?"

"ಕೋಸು ಬಿಟ್ರೆ ಇನ್ನೇನೂ ಇರಲಿಲ್ಲ ತಾಯಿ."

"ಹಾಗಾದ್ರೆ ತುಂಬುವಾಗ ಜಾರಿ ಬಿದ್ದ ಕೈಗವಸು ಉಳಿದ ಡಬ್ಬೀಲಿ ಬಂತು. ಇದರಲ್ಲಿ. ನೀವು ಅಚ್ಚುಕಟ್ಟಿನ ಹೆಂಗಸು ಮೇಡಂ. ಕೈಗವಸನ್ನ ತೊಳೆದು, ಪೌಡರ್ ಹಾಕಿ, ಘಟಿಕೋತ್ಸವದ ದಿನ ಡಬ್ಬಿ ಜೊತೆ ಕೊಡೋಣ ಅಂತ ಇಟ್ರಿ. ಅದರಲ್ಲಿ ಕೆಟ್ಟ ಯೋಚನೆ ಇರಲಿಲ್ಲ. ಮೊನ್ನೆ ಸಂಜೆ ಐದರ ತನಕ ಇರಲಿಲ್ಲ."

ಓಕ್ ನಗಲು ನೋಡಿದರು. "ಒಂದು ಕೈಗವಸಿಗೆ ಇಷ್ಟು ಕಥೆನಾ?"

"ಸಾಲದು ಅಂತ ನನಗೂ ಗೊತ್ತು." ಮಿರಾನ್ ಬಟ್ಟೆಯ ಗಂಟು ಬಿಚ್ಚಿದಳು. "ನಿನ್ನೆ ನನಗೆ ಹಸಿವು ಅಂತ ಹಣ್ಣು ಕೊಟ್ಟವರು, ಡಬ್ಬಿಗೆ ಕೈ ಹಾಕಿದ ಕೂಡಲೇ ಎಳ್ಕೊಂಡ್ರಿ. ಕಿತ್ತಳೆಗೆ ಅಷ್ಟು ಜಿಪುಣತನ ಮಾಡೋರಲ್ಲ ನೀವು."

ಅವಳು ಡಬ್ಬಿಯನ್ನು ಮೇಜಿನ ಮೇಲೆ ಮಗುಚಿದಳು. ಕಿತ್ತಳೆಗಳು ಉರುಳಿ ನೆಲಕ್ಕೆ ಬಿದ್ದವು. ಕೊನೆಯಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಹಾಜರಿ ಪುಸ್ತಕ ಬಿತ್ತು.

"ಇದನ್ನ ಸುಟ್ಟು ಹಾಕೋ ಹಾಗಿರಲಿಲ್ಲ, ಇಲಾಖೆಯವರು ಕೇಳ್ತಾರೆ. ಕಪಾಟಲ್ಲಿ ಇಡೋ ಹಾಗೂ ಇರಲಿಲ್ಲ, ನಾನು ಹುಡುಕ್ತಿದ್ದೆ. ನಾನು ಅಜ್ಜಿನ ಹಿಡ್ಕೊಂಡು ಹೋದ ಮೇಲೆ ಇದನ್ನ ಸದ್ದಿಲ್ಲದೆ ವಾಪಸ್ ಇಡೋಣ ಅಂತಿದ್ರಿ. ಪ್ಯೋ ಇದನ್ನ ತೋರಿಸೋಕೆ ನಿಮ್ಮನ್ನ ಗೌನುಗಳ ಕೋಣೆಗೆ ಕರೆದಿದ್ರು. ಒಂದು ಗೌನಿಂದ ಅವರಿಗೆ ಅನುಮಾನ ಶುರುವಾಗಿತ್ತು." ಮಿರಾನ್ ಪುಟ ತಿರುವಿದಳು. "ನವೆಂಬರ್ ಇಪ್ಪತ್ತೊಂದು. ತರಗತಿ ಕೋಣೇಲಿ ಪಾಠ. ಅರವತ್ನಾಲ್ಕಕ್ಕೆ ಅರವತ್ನಾಲ್ಕೂ ಹಾಜರ್. ಕೆಳಗೆ ನಿಮ್ಮ ಮೊಹರು. ಕಿಮ್ಜಾಂಗ್ ದಿನ ಮೇಡಂ! ಅವತ್ತು ಈ ಸೀಮೇಲಿ ಯಾವ ಅಜ್ಜಿ ಕಾಲೇಜಿಗೆ ಬರ್ತಾಳೆ? ನೀವೇ ಬೆಳಿಗ್ಗೆಯಿಂದ ಅಲ್ಲಿ ಕೋಸು ಉಜ್ಜುತಾ ಕೂತಿದ್ರಿ. ಆರು ತಿಂಗಳ ಹಾಜರಿನ ಒಂದೇ ಸಲ ಕೂತು ತುಂಬಿದೋರಿಗೆ ಮಾತ್ರ ಇಂಥ ತಪ್ಪಾಗುತ್ತೆ."

ಇಲಾಖೆಯವರ ಕಾಫಿ ಆರುತ್ತಿತ್ತು. ಪ್ರಾಂಶುಪಾಲರು ಗೋಡೆಗೆ ಅಂಟಿಕೊಂಡು ನಿಂತಿದ್ದರು.

ಓಕ್ ಕುರ್ಚಿಯ ಮೇಲೆ ಕೂತರು.

"ಒಂದು ಸಲ ತಳ್ಳಿದೆ. ಒಂದೇ ಸಲ. ನಿಜವಾದ ಸಂಖ್ಯೆ ಐವತ್ತೆಂಟು, ಅದನ್ನೇ ಹೇಳೋಣ ಅಂದ. ಸಿಯೋಲ್‌ಗೂ ನಮಗೂ ಒಂದೇ ಅಳತೆಗೋಲು ಹಿಡಿದಿದೀರಿ, ನಮ್ಮ ಮಕ್ಕಳನ್ನ ನೀವೇ ಎಳ್ಕೊಂಡು ಹೋಗಿ ನಮಗೇ ಅಂಕ ಕಡಿಮೆ ಕೊಡ್ತೀರಿ ಅಂತ ಇಲಾಖೆಯವರ ಮುಖಕ್ಕೆ ಹೇಳೋಣ ಅಂದ. ಕೇಳ್ತಾರಾ ಇವರು? ಬೀಗ ಹಾಕ್ತಾರೆ. ಪಾಠಕ್ಕೆ ಬರದೆ ಬರೀ ಹೆಸರು ಕೊಟ್ಟ ಅಜ್ಜಿಯರಿಗೆ ಏನೂ ನಷ್ಟ ಇರಲಿಲ್ಲ. ಊರು ಉಳೀತಿತ್ತು."

"ತಳ್ಳಿದ ಮೇಲೆ ಅವರು ಉಸಿರಾಡ್ತಿದ್ರು," ಎಂದಳು ಮಿರಾನ್. "ಅರ್ಧ ಗಂಟೆ. ನೀವು ಫೋನು ಮಾಡಲಿಲ್ಲ. ಈ ಕೋಣೆಗೆ ಬಂದು ಕೈಗವಸು ತಗೊಂಡು ಹೋದ್ರಿ. ದೀಪ ಆರಿಸಿ ಬಂದ್ರಿ."

ಓಕ್ ನೆಲಕ್ಕೆ ಬಿದ್ದ ಕಿತ್ತಳೆ ಹೆಕ್ಕಲು ಬಾಗಿದರು.

ಸುಂದೊಕ್ ಮುಂದೆ ಬಂದಳು. ದನಿ ಏರಿಸಲಿಲ್ಲ. "ಮೇಷ್ಟ್ರೇ, ಅರವತ್ನಾಲ್ಕು ಜನದಲ್ಲಿ ನಿಜವಾಗಿ ಬಂದೋಳು ನಾನೊಬ್ಳೇ. ಕೊಲೆ ಹೊರಿಸಾಕೂ ನನ್ ಹೆಸರೇ ಬೇಕಾಯ್ತಾ?"

ಓಕ್ ಮುಖ ಮುಚ್ಚಿಕೊಂಡರು. ಹೊರಗೆ ಸಭಾಂಗಣದಲ್ಲಿ ಹೂಗುಚ್ಛ ಹಿಡಿದ ಜನ ಸೇರುತ್ತಿದ್ದರು. ಅಂದು ಘಟಿಕೋತ್ಸವ ನಡೆಯಲಿಲ್ಲ.

*

ಇಲಾಖೆಯ ವಿಚಾರಣೆ ಐದು ತಿಂಗಳು ಹಿಡಿಯಿತು. ಹೇಜಿನ್ ಕಾಲೇಜಿಗೆ ನೆರವು ನಿಂತಿತು. ಮುಂದಿನ ವರ್ಷದಿಂದ ಹೊಸಬರನ್ನು ಸೇರಿಸುವಂತಿಲ್ಲ ಎಂದು ಆದೇಶ ಬಂತು. ಪ್ರಾಂಶುಪಾಲ ಗು ಸಿಯೋಲಿಗೆ ಹೋದರು. ಸಮಾಜ ಸೇವೆ ವಿಭಾಗದ ಅರವತ್ಮೂರು ಹೆಸರುಗಳನ್ನು ಹೊಡೆದುಹಾಕಿದರು. ಒಂದು ಹೆಸರಿನ ಮುಂದೆ ಮಾತ್ರ ಎರಡು ವರ್ಷದ ನೋಟ್‌ಬುಕ್ಕು ಇಟ್ಟುಕೊಂಡು ಪ್ರತಿ ಪಾಠವನ್ನೂ ತಾಳೆ ನೋಡಿದರು. ಹನ್ನೊಂದು ದಿನ ತಪ್ಪಿಸಿದ್ದಾಳೆ, ಉಳಿದದ್ದೆಲ್ಲ ಸರಿ ಎಂದು ಬರೆದರು.

ಆಗಸ್ಟಿನಲ್ಲಿ ಸಣ್ಣದೊಂದು ಘಟಿಕೋತ್ಸವ ಆಯಿತು. ಸೆಕೆಗೆ ಬಾಂಗ್ ಎಲ್ಲ ಕಿಟಕಿಗಳನ್ನೂ ತೆರೆದಿಟ್ಟಿದ್ದ. ಹೊಸ ಗುಮಾಸ್ತೆ ಪಟ್ಟಿ ಓದಿದಳು. "ಸಮಾಜ ಸೇವೆ ವಿಭಾಗ. ಸೇರಿದವರು ಅರವತ್ನಾಲ್ಕು. ಪದವಿ ಪಡೆದವರು ಒಬ್ಬರು. ಶೇಕಡಾ ಒಂದೂವರೆ."

ಗೌನು ಹಾಕಿಕೊಂಡಿದ್ದ ಸುಂದೊಕ್ ಪಕ್ಕಕ್ಕೆ ವಾಲಿದಳು. "ಒಂದೂವರೆ ಅಂದ್ರೆ ಬಾಳ ಕಮ್ಮಿನಾ ತಾಯಿ?"

"ಇಡೀ ದೇಶದಲ್ಲೇ ಕಡಿಮೆ ಅಜ್ಜಿ," ಎಂದಳು ಮಿರಾನ್. "ಆದ್ರೆ ನಿಜ."

ಅಜ್ಜಿ ವೇದಿಕೆ ಹತ್ತಿ ಪದವಿ ಪತ್ರ ತೆಗೆದುಕೊಂಡಳು. ಪದವಿ ಪಡೆದ ಮಕ್ಕಳು ತಮ್ಮ ಕಪ್ಪು ಟೋಪಿಯನ್ನು ಹೆತ್ತವರ ತಲೆಗೆ ಇಟ್ಟು ಫೋಟೋ ತೆಗೆಸುವುದು ಇಲ್ಲಿನ ವಾಡಿಕೆ. ಸುಂದೊಕ್‌ಳನ್ನು ಹೆತ್ತವರು ತೀರಿ ಮೂವತ್ತು ವರ್ಷವಾಗಿತ್ತು. ಅವಳು ಮೆಟ್ಟಿಲಿಳಿದು ನೇರ ಮೊದಲ ಸಾಲಿಗೆ ನಡೆದಳು. ಅಲ್ಲಿ ಬಿಳಿ ಕೂದಲಿನ ಒಬ್ಬ ಮುದುಕಿ ಒಂಟಿಯಾಗಿ ಕೂತಿದ್ದಳು. ಪ್ಯೋನ ತಾಯಿ. ಸುಂದೊಕ್ ತನ್ನ ಟೋಪಿ ತೆಗೆದು ಅವಳ ತಲೆಯ ಮೇಲಿಟ್ಟು, ಜಾರದಂತೆ ಎರಡೂ ಕೈಯಲ್ಲಿ ಸರಿಮಾಡಿದಳು. ಇಬ್ಬರೂ ಅತ್ತರು. ಬಾಂಗ್ ಫೋಟೋ ತೆಗೆದ.